‘ಬರ್ಬರ’ ಎಂಬ ಸದ್ದು

ಪತ್ರಿಕೆಗಳಲ್ಲಿ ‘ಬರ್ಬರ ಹತ್ಯೆ’ ಎಂಬ ತಲೆಬರಹ ನಮಗೆ ಎಷ್ಟು ರೂಢಿಯಾಗಿದೆಯೆಂದರೆ ಆ ಪದದ ಬಳಿ ಯಾರೂ ನಿಲ್ಲುವುದಿಲ್ಲ. ಇಂಗ್ಲಿಷಿನ ‘ಬಾರ್ಬೇರಿಯನ್’ಗೂ ನಾವು ಹುಡುಕುವ ಸಾಟಿ ಪದ ಅದೇ. ಆದರೆ ಹುಟ್ಟಿದಾಗ ಈ ಪದಕ್ಕೆ ರಕ್ತದ ಕಲೆ ಇರಲಿಲ್ಲ. ಇದ್ದದ್ದು ಬರೀ ಸದ್ದು.

ಪರಭಾಷೆಯವರ ಮಾತು ಗ್ರೀಕರ ಕಿವಿಗೆ ‘ಬರ್ ಬರ್’ ಎಂದು ಕೇಳಿಸಿತು. ಹಾಗೆ ಮಾತಾಡುವವನು ‘ಬಾರ್ಬರೋಸ್’ ಆದ. ನಾವು ನೆರೆಯ ಭಾಷೆಗಳನ್ನು ‘ಎನ್ನಡ ಎಕ್ಕಡ’ ಎಂದು ಆಡಿಕೊಳ್ಳುವುದಿಲ್ಲವೇ, ಹಾಗೆ. ಹೋಮರನ ಇಲಿಯಡ್‌ನಲ್ಲಿ ಕಾರಿಯಾದ ಜನರಿಗೆ ಅಂಟಿದ ವಿಶೇಷಣ ಅವರ ನುಡಿಯನ್ನು ಕುರಿತದ್ದು. ಸಂಸ್ಕೃತದ ‘ಬರ್ಬರ’ಕ್ಕೂ ತೊದಲುವವನು ಎಂಬ ಅರ್ಥವಿದೆ. ಅಷ್ಟೇಕೆ, ‘ಮ್ಲೇಚ್ಛ’ನೂ ಮೊದಲಿಗೆ ಉಚ್ಚಾರ ಕೆಟ್ಟವನೇ. ಮ್ಲೇಚ್ಛರಾಗದಿರಲು ವ್ಯಾಕರಣ ಓದಬೇಕು ಎನ್ನುವುದು ಮಹಾಭಾಷ್ಯದಲ್ಲಿ ಪತಂಜಲಿ ಕೊಡುವ ಕಾರಣಗಳಲ್ಲಿ ಒಂದು.

ಪದಕ್ಕೆ ವಿಷ ಏರಿದ್ದು ಪರ್ಷಿಯದೊಂದಿಗಿನ ಯುದ್ಧಗಳ ನಂತರ. ಕ್ರಿ.ಪೂ. 472ರಲ್ಲಿ ಅಥೆನ್ಸಿನಲ್ಲಿ ಆಡಿದ ಈಸ್ಕಿಲಸನ ‘ಪರ್ಷಿಯನ್ನರು’ ನಾಟಕದಲ್ಲಿ ಸೋಲಿನ ಸುದ್ದಿ ತರುವ ಪರ್ಷಿಯದ ದೂತ ತನ್ನದೇ ಸೈನ್ಯವನ್ನು ‘ಬರ್ಬರ’ ಎನ್ನುತ್ತಾನೆ. ಯಾವ ಪರ್ಷಿಯನ್ ಹಾಗೆ ಹೇಳಿಕೊಂಡಾನು? ಹೇಳಿಸಿದವನು ಗ್ರೀಕ್ ಕವಿ. ಹೆರೊಡೋಟಸ್ ಮಾತ್ರ ಈ ಕನ್ನಡಿಯನ್ನು ತಿರುಗಿಸಿ ಹಿಡಿದ: ತಮ್ಮ ಭಾಷೆಯಾಡದವರನ್ನೆಲ್ಲ ಈಜಿಪ್ಟಿನವರೂ ಬರ್ಬರರೆನ್ನುತ್ತಾರೆ ಎಂದು ಬರೆದ. ಆಮೇಲಿನ ರೋಮನ್ನರ ಕತೆ ಗೊತ್ತಿರುವಂಥದ್ದೇ, ಗಡಿಯಾಚೆಗಿನವರೆಲ್ಲ ಬರ್ಬರರು.

ನನ್ನನ್ನು ಕಾಡುವುದು ಇನ್ನೊಂದು ನಾಟಕ. ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ಗುಡ್ಡೆಗಳಲ್ಲಿ ಸಿಕ್ಕಿ, 1903ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಪ್ರಕಟಿಸಿದ ಗ್ರೀಕ್ ಪ್ರಹಸನ. ಖಾರಿಟಿಯಾನ್ ಎಂಬ ಗ್ರೀಕ್ ಯುವತಿ ಭಾರತದ ಕರಾವಳಿಯಲ್ಲಿ ಸೆರೆಯಾಗಿದ್ದಾಳೆ. ಅವಳ ಕಡೆಯವರು ಅಲ್ಲಿನ ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸಿ ಅವಳನ್ನು ಹಡಗಿನಲ್ಲಿ ಪಾರು ಮಾಡುತ್ತಾರೆ. ಭಾರತೀಯರ ಮಾತುಗಳು ಗ್ರೀಕಿನಲ್ಲಿಲ್ಲ. 1904ರಲ್ಲಿ ಜರ್ಮನಿಯ ಹುಲ್ಟ್ಜ್ ಅವು ಕನ್ನಡವೆಂದ. ‘ಬೇರೆ’, ‘ಕೊಂಚ’, ‘ಮಧು’, ‘ಪಾತ್ರಕ್ಕೆ’ ಎಂದು ಬಿಡಿಸಿ ತೋರಿಸಿದ. ಶಾಮಶಾಸ್ತ್ರಿ, ಗೋವಿಂದ ಪೈ ಅವರೂ ಇದರ ಹಿಂದೆ ಬಿದ್ದರು. ಅದು ಬರೀ ಹುಸಿ ಭಾಷೆ ಎನ್ನುವವರೂ ಇದ್ದಾರೆ, ವಾದ ಮುಗಿದಿಲ್ಲ.

ಕನ್ನಡದ ಪ್ರಾಚೀನತೆಗೆ ಸಾಕ್ಷಿಯೆಂದು ನಾವು ಈ ಹಾಳೆಯನ್ನು ಹೆಮ್ಮೆಯಿಂದ ನೆನೆಯುತ್ತೇವೆ. ನಾನೂ ಹಾಗೆಯೇ ಓದಲು ಕೂತಿದ್ದೆ. ಆದರೆ ಆ ದೃಶ್ಯ ಬರೆದದ್ದು ನಗಿಸಲು. ಕುಡಿದ ಭಾರತೀಯರು ಏನೋ ಅನ್ನುತ್ತಾರೆ, ‘ಏನಂದ?’ ಎಂದು ವಿದೂಷಕ ಕೇಳುತ್ತಾನೆ, ಇನ್ನೊಬ್ಬ ಗ್ರೀಕಿನಲ್ಲಿ ಅರ್ಥ ಹೇಳುತ್ತಾನೆ. ಹುಲ್ಟ್ಜ್ ಸರಿಯಾಗಿದ್ದರೆ, ಆ ಸಭೆಗೆ ‘ಬರ್ ಬರ್’ ಎಂದು ಕೇಳಿಸಿದ್ದು ನಮ್ಮ ‘ಬೇರೆ ಕೊಂಚ’. ಕೊನೆಗೆ ಅಮಲೇರಿದ ರಾಜ ಚಂದ್ರದೇವತೆಯನ್ನು ಕರೆದು ಕುಣಿಯಲು ನಿಲ್ಲುತ್ತಾನೆ. ಆಗ ಮಾತ್ರ ಅವನ ಬಾಯಲ್ಲಿ ಶುದ್ಧ ಗ್ರೀಕ್ ಬರುತ್ತದೆ. ತನ್ನ ಕುಣಿತವನ್ನು ಅವನು ಕರೆಯುವುದು ‘ಬರ್ಬರ’ ಎಂದೇ.