ತಪ್ಪಿಹೋದ ಕಂತು

ಇವತ್ತಿನ ಮಾತು ಟಿವಿ ಧಾರಾವಾಹಿಗಳದ್ದು. ಆದರೆ ಟಿವಿಯಲ್ಲಿ ಬಂದ ಕಂತುಗಳ ಬಗ್ಗೆ ಅಲ್ಲ, ಬಾರದೇ ಹೋದ ಕಂತುಗಳ ಬಗ್ಗೆ. ನೆಚ್ಚಿನ ಸೀರೀಸ್ ಮುಗಿದ ಮೇಲೆ ಅದರ ಮುಂದಿನ ಕಥೆಯನ್ನು ನಿಮ್ಮಲ್ಲಿ ಕೆಲವರು ನೀವೇ ಬರೆದುಕೊಳ್ಳುತ್ತೀರಿ, ಫ್ಯಾನ್ ಫಿಕ್ಷನ್ ಅಂತ ಅದಕ್ಕೆ ಹೆಸರು, ಇಷ್ಟು ನನಗೆ ಗೊತ್ತು. ಮೊನ್ನೆ ಒಬ್ಬ ಹುಡುಗ ನನಗೆ, "ಅದು ನಮ್ಮ ಜನರೇಶನ್‌ದು ಅಂಕಲ್, ನಿಮಗೆ ಅರ್ಥ ಆಗಲ್ಲ" ಎಂದ. ಅವನಿಗಾಗಿಯೇ ಈ ಹಳೆಯ ಕಥೆ.

1988ರ ಬೇಸಿಗೆ. ನನಗೆ ಹನ್ನೊಂದು ವರ್ಷ. ನಾವಿದ್ದದ್ದು ಸಾಲ್ಮಿಯಾದ ಒಂದು ಹಳೇ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ. ಊರಿನಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ರಮಾನಂದ ಸಾಗರರ 'ರಾಮಾಯಣ' ಬರುತ್ತಿತ್ತು. ಆ ಹೊತ್ತಿಗೆ ಬೀದಿಗಳು ಖಾಲಿ ಎಂದು ಊರಿನಿಂದ ಬಂದ ಕಾಗದಗಳಲ್ಲಿ ಓದುತ್ತಿದ್ದೆವು. ಇಲ್ಲಿ ನಮಗೆ ಅದು ಸಿಗುತ್ತಿದ್ದದ್ದು ವಿಡಿಯೋ ಕ್ಯಾಸೆಟ್ಟಿನಲ್ಲಿ, ವಾರಗಟ್ಟಲೆ ತಡವಾಗಿ. ಒಂದು ಕ್ಯಾಸೆಟ್ಟಿನಲ್ಲಿ ಮೂರೋ ನಾಲ್ಕೋ ಕಂತು. ಕೆಲವು ಕ್ಯಾಸೆಟ್ ಅಂಗಡಿಯಿಂದ, ಕೆಲವು ರಜೆ ಮುಗಿಸಿ ಬಂದವರ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಡಬ್ಬಿಯ ಪಕ್ಕ. ಶುಕ್ರವಾರ ಆರು ಮನೆಯವರು ನಮ್ಮ ಹಾಲಿನಲ್ಲಿ ಕೂರುತ್ತಿದ್ದೆವು.

ಒಂದು ಶುಕ್ರವಾರ ಮಧ್ಯದ ಕ್ಯಾಸೆಟ್ಟೇ ಬರಲಿಲ್ಲ. ಕುಂಭಕರ್ಣ ಇನ್ನೇನು ಏಳಬೇಕು, ಅಲ್ಲಿಗೆ ನಿಂತಿದೆ. ಕೈಯಲ್ಲಿದ್ದ ಮುಂದಿನ ಕ್ಯಾಸೆಟ್ ಹಾಕಿದರೆ ಅವನು ಸತ್ತೇ ಹೋಗಿದ್ದಾನೆ! ಮಕ್ಕಳೆಲ್ಲ ಗಲಾಟೆ. ಆಗ ಮೇಲಿನ ಮಹಡಿಯ ಕುಂದಾಪುರದ ದೊಡ್ಡಮ್ಮ ಟಿವಿ ಆಫ್ ಮಾಡಿಸಿ, "ಹೋಯ್, ನಾ ಹೇಳ್ತೆ, ಕೇಣಿ" ಎಂದು ನಡುವೆ ಕೂತರು.

ಅವರ ಕುಂಭಕರ್ಣ ಡೋಲು ನಗಾರಿಗೆ ಏಳಲಿಲ್ಲ. ಕೋಳಿ ಸಾರಿನ ವಾಸನೆಗೆ ಎದ್ದ. ರೊಟ್ಟಿ ತಿಂದು, ಇನ್ನಷ್ಟು ಬಡಿಸಿಕೊಂಡು, ಆಮೇಲೆ ಯುದ್ಧಕ್ಕೆ ಕರೆಯಲು ಬಂದ ಅಣ್ಣನನ್ನು ತರಾಟೆಗೆ ತೆಗೆದುಕೊಂಡ. ನಾವು ನಕ್ಕು ನಕ್ಕು ಸಾಕಾಯಿತು. ಆದರೆ ಕೊನೆಗೆ ತಮ್ಮ ವಿಭೀಷಣನನ್ನು ಯುದ್ಧಭೂಮಿಯಲ್ಲಿ ಕಂಡು ಅವನು ಆಡಿದ ಮಾತಿಗೆ ನನ್ನ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ನನಗಿನ್ನೂ ನೆನಪಿದೆ. ಎರಡು ವಾರದ ಮೇಲೆ ತಪ್ಪಿದ ಕ್ಯಾಸೆಟ್ ಬಂತು. ನೋಡಿದ ಮಕ್ಕಳ ಒಮ್ಮತದ ತೀರ್ಪು: ಟಿವಿಯವರು ತಪ್ಪು ತೆಗೆದಿದ್ದಾರೆ.

ಅದೇ ಬೇಸಿಗೆ, ಅದೇ ಧಾರಾವಾಹಿಗೆ ಸಂಬಂಧಿಸಿದ ಇನ್ನೊಂದು ಘಟನೆ ಪಂಜಾಬಿನಲ್ಲಿ ನಡೆಯಿತು. ನನಗೆ ಅದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಪುಸ್ತಕ ಓದಿ. 'ರಾಮಾಯಣ' 1987ರ ಜನವರಿ 25ಕ್ಕೆ ಶುರುವಾಗಿ 1988ರ ಜುಲೈ 31ಕ್ಕೆ 78 ಕಂತುಗಳಲ್ಲಿ ಮುಗಿಯಿತು. ರಾಮನ ಪಟ್ಟಾಭಿಷೇಕವಾಯಿತು, ಶುಭಂ. ಜಲಂಧರ್ ನಗರದ ಪೌರಕಾರ್ಮಿಕರು ಮಾತ್ರ ಇದನ್ನು ಒಪ್ಪಲಿಲ್ಲ. ಅವರಲ್ಲಿ ಬಹಳ ಮಂದಿ ವಾಲ್ಮೀಕಿ ಸಮುದಾಯದವರು, ವಾಲ್ಮೀಕಿಯನ್ನೇ ಗುರುವೆಂದು ಪೂಜಿಸುವವರು. ಪಟ್ಟಾಭಿಷೇಕಕ್ಕೆ ಕಥೆ ನಿಂತರೆ ಉತ್ತರಕಾಂಡ ಬರುವುದಿಲ್ಲ. ಉತ್ತರಕಾಂಡ ಇಲ್ಲದಿದ್ದರೆ ಕಾಡಿಗೆ ಬಿಟ್ಟ ಸೀತೆಗೆ ಆಶ್ರಯ ಕೊಟ್ಟ, ಲವಕುಶರನ್ನು ಸಾಕಿದ ವಾಲ್ಮೀಕಿ ಎಲ್ಲಿ? ಕಥೆ ಬರೆದವನೇ ಕಥೆಯಿಂದ ಹೊರಗೆ. ಅವರು ಪೊರಕೆ ಕೆಳಗಿಟ್ಟರು. ಮುಷ್ಕರ ಉತ್ತರ ಭಾರತದ ಬೇರೆ ನಗರಗಳಿಗೂ ಹಬ್ಬಿತು, ಬೀದಿಗಳಲ್ಲಿ ಕಸ ರಾಶಿ ಬಿತ್ತು. ಕೊನೆಗೆ ಸರ್ಕಾರವೇ ಮಣಿಯಿತು. ಆ ವರ್ಷದ ಅಕ್ಟೋಬರಿನಲ್ಲಿ ಉತ್ತರಕಾಂಡದ ಕಂತುಗಳು ಟಿವಿಗೆ ಬಂದವು. ಇತಿಹಾಸಕಾರ್ತಿ ರೊಮಿಲಾ ಥಾಪರ್ ಈ ಮುಷ್ಕರದ ಬಗ್ಗೆ ಬರೆದಿದ್ದಾರೆ.

ನೋಡಿ, ಅಭಿಮಾನಿಗಳು ಕಂತು ಬೇಕೆಂದು ಕೇಳಿದ ಉದಾಹರಣೆ ಬೇರೆ ಕಡೆಯೂ ಉಂಟು. ಅಮೆರಿಕದಲ್ಲಿ 'ಸ್ಟಾರ್ ಟ್ರೆಕ್' ಶುರುವಾದದ್ದು 1966ರಲ್ಲಿ. ಮರುವರ್ಷವೇ ಅಭಿಮಾನಿಗಳು 'ಸ್ಪಾಕನೇಲಿಯಾ' ಎಂಬ ಪತ್ರಿಕೆ ಹೊರತಂದರು. ನಮ್ಮ ಕಾಲದ ಶಾಲೆಯ ಪ್ರಶ್ನೆಪತ್ರಿಕೆಯಂತೆ ಸೈಕ್ಲೋಸ್ಟೈಲ್ ಮಾಡಿ ಹಂಚುವಂಥ ಪತ್ರಿಕೆಗಳು ಅವು. ಹೀಗೆ ಹೊಸ ಸಾಹಸಗಳನ್ನು ಕಲ್ಪಿಸಿ ಬರೆದವರಲ್ಲಿ ಹೆಂಗಸರೇ ಹೆಚ್ಚು. ಟಿವಿಯವರು ಹೆಂಗಸರಿಗೆ ಆ ಆಕಾಶನೌಕೆಯಲ್ಲಿ ಕೊಟ್ಟಿದ್ದ ಕೆಲಸ ಸ್ವಲ್ಪವೇ ಆಗಿತ್ತು, ಅದೂ ಕಾರಣ ಇರಬಹುದು. 1968ರಲ್ಲಿ ಧಾರಾವಾಹಿ ನಿಲ್ಲುತ್ತದೆ ಎಂದು ಸುದ್ದಿಯಾದಾಗ ರಾಶಿ ರಾಶಿ ಪತ್ರ ಬರೆದು ಇನ್ನೊಂದು ವರ್ಷ ನಡೆಸಿಕೊಂಡರು. ಮುಂದೆ 1989ರಲ್ಲಿ ಅದರ ನಂತರದ ಸರಣಿಯೊಂದರವರು ಹೊರಗಿನ ಯಾರು ಬೇಕಾದರೂ ಕಥೆ ಕಳಿಸಬಹುದು ಎಂದು ಬಾಗಿಲು ತೆರೆದರು. ರೊನಾಲ್ಡ್ ಮೂರ್ ಎಂಬ ಅಭಿಮಾನಿ ಬರೆದ ಕಂತು ಆ ವರ್ಷವೇ ಪ್ರಸಾರವಾಯಿತು, ಮುಂದೆ ಅವನು ಅದೇ ಧಾರಾವಾಹಿಯ ಬರಹಗಾರನಾದ. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬಹುದು. ನಾನು ಹೇಳಬೇಕಾದದ್ದು ದೊಡ್ಡಮ್ಮನ ಬಗ್ಗೆ.

ದೊಡ್ಡಮ್ಮ ಅದನ್ನು ಎಲ್ಲಿ ಕಲಿತರು? ಗದ್ದೆಯಲ್ಲಿ ಚಾಪೆ ಹಾಸಿ, ರಾತ್ರಿಯಿಡೀ ಯಕ್ಷಗಾನ ನೋಡಿ ಕಲಿತರು. ನಮ್ಮ ಕರಾವಳಿಯಲ್ಲಿ ಒಂದು ರಾತ್ರಿಯ ಆಟದ ಕಥೆಗೆ 'ಪ್ರಸಂಗ' ಎನ್ನುತ್ತಾರೆ. ಎಪಿಸೋಡ್ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಹಳೆಯ, ಸರಿಯಾದ ಮಾತು ನನಗೆ ತೋಚುವುದಿಲ್ಲ. ಕಾಸರಗೋಡಿನ ಕುಂಬಳೆಯ ಪಾರ್ತಿಸುಬ್ಬ ರಾಮಾಯಣದ ಪ್ರಸಂಗಗಳನ್ನು ಬರೆದ. ಆದರೆ ಅವನು ಬರೆದದ್ದು ಪದ್ಯ ಮಾತ್ರ. ಭಾಗವತರು ಪದ್ಯ ಹಾಡುತ್ತಾರೆ, ಪಾತ್ರಧಾರಿ ಆಡುವ ಮಾತು ಎಲ್ಲಿಯೂ ಬರೆದಿರುವುದಿಲ್ಲ. ಪ್ರತಿ ರಾತ್ರಿ ಅವನು ಅದನ್ನು ಹೊಸದಾಗಿ ಕಟ್ಟಬೇಕು. ತಾಳಮದ್ದಳೆಯಲ್ಲಂತೂ ವೇಷ ಇಲ್ಲ, ಕುಣಿತ ಇಲ್ಲ. ಎದುರು ಬದುರು ಕೂತು ಮಾತೇ ಎಲ್ಲ.

ವಾಲಿವಧೆಯ ಕಥೆ ಎಲ್ಲರಿಗೂ ಗೊತ್ತು. ರಾಮ ಮರೆಯಲ್ಲಿ ನಿಂತು ಬಾಣ ಬಿಡುತ್ತಾನೆ, ವಾಲಿ ಬೀಳುತ್ತಾನೆ. ಅದನ್ನು ಯಾರೂ ಬದಲಾಯಿಸುವಂತಿಲ್ಲ. ಆದರೆ ಬಿದ್ದ ವಾಲಿ ಸಾಯುವ ಮೊದಲು ಪ್ರಶ್ನೆ ಕೇಳುತ್ತಾನೆ. ನಿನಗೂ ನನಗೂ ಏನು ವೈರ, ಎದುರು ಬಂದು ಯಾಕೆ ಹೊಡೆಯಲಿಲ್ಲ? ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣರಂಥ ಪಾತ್ರಗಳ ಅರ್ಥಕ್ಕೆ ಹೆಸರಾದವರು. ಅಂಥವರು ವಾಲಿಯಾಗಿ ಕೂತರೆ ರಾಮನ ಅರ್ಥ ಹೇಳುವವರಿಗೆ ಬೆವರು. ಕಥೆಯಲ್ಲಿ ಸೋತವನು ಮಾತಿನಲ್ಲಿ ಗೆದ್ದು ಸಾಯುತ್ತಿದ್ದ, ಬೆಳಗಾಗುವಾಗ ಜನ ಅವನ ಮಾತನ್ನೇ ಹೇಳುತ್ತ ಮನೆಗೆ ಹೋಗುತ್ತಿದ್ದರು. ನೀವು ಫ್ಯಾನ್ ಫಿಕ್ಷನ್ ಬರೆಯುವವರು ಕ್ಯಾನನ್ ಎನ್ನುತ್ತೀರಲ್ಲ, ಮೂಲಕಥೆಯ ಮುಟ್ಟಬಾರದ ಗೆರೆ? ಆ ಗೆರೆಯನ್ನು ಮುಟ್ಟದೆ ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ತಾಳಮದ್ದಳೆಗಿಂತ ದೊಡ್ಡ ಶಾಲೆ ನಾನು ಕಂಡಿಲ್ಲ.

ಗೆರೆ ದಾಟಿದವರೂ ಇದ್ದರು. ಟಿಕೆಟ್ ಇಟ್ಟು ಆಡುವ ಡೇರೆ ಮೇಳಗಳಿಗೆ ವರ್ಷವರ್ಷವೂ ಹೊಸ ಕಥೆ ಬೇಕಾಯಿತು. ಪುರಾಣದಲ್ಲಿ ಎಲ್ಲೂ ಇಲ್ಲದ ರಾಜ, ಇಲ್ಲದ ರಾಜಕುಮಾರಿ, ಇಲ್ಲದ ಊರು. ಅವಕ್ಕೆ ಕರಾವಳಿಯಲ್ಲಿ ಇವತ್ತಿಗೂ 'ಕಾಲ್ಪನಿಕ ಪ್ರಸಂಗ' ಎಂದೇ ಹೆಸರು. 'ಚೆಲುವೆ ಚಿತ್ರಾವತಿ', 'ನಾಗಶ್ರೀ' ಎಂದು ನಿಮ್ಮ ತಂದೆತಾಯಿಯರ ಮುಂದೆ ಹೇಳಿ ನೋಡಿ, ಬಡಗುತಿಟ್ಟಿನ ಕಡೆಯವರಾದರೆ ಮುಖ ಅರಳುತ್ತದೆ. ಹಿರಿಯರು ಇದಕ್ಕೆ ಬೈದದ್ದೂ ಉಂಟು, ಯಕ್ಷಗಾನ ಕೆಟ್ಟಿತು ಎಂದು. ಸುಳ್ಳಲ್ಲ, ಕೆಲವು ಬರೀ ಸಿನಿಮಾ ನಕಲು, ನಾನೇ ಅರ್ಧಕ್ಕೆ ಎದ್ದು ಬಂದಿದ್ದೇನೆ. ಆದರೆ ಪುರಾಣದಲ್ಲಿ ಜಾಗ ಸಿಗದ ಎಷ್ಟೋ ಹೆಣ್ಣುಗಳು ರಂಗಸ್ಥಳಕ್ಕೆ ಬಂದದ್ದು ಅಂಥ ಪ್ರಸಂಗಗಳಿಂದಲೇ.

ಈಗ ಸ್ವಂತದ್ದೊಂದು ಹೇಳಬೇಕು. ಕುವೈತಿನಲ್ಲಿ ನಾವು ನೋಡುತ್ತಿದ್ದ ಇನ್ನೊಂದು ಕ್ಯಾಸೆಟ್ 'ಮಾಲ್ಗುಡಿ ಡೇಸ್'. ಆರ್. ಕೆ. ನಾರಾಯಣರ ಕಥೆ, ಶಂಕರ್‌ನಾಗ್ ನಿರ್ದೇಶನ, ಚಿತ್ರೀಕರಣ ನಮ್ಮ ಆಗುಂಬೆಯಲ್ಲಿ. ಸ್ವಾಮಿಯ ಪಾತ್ರದಲ್ಲಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ ಕಾರ್ನಾಡ್. ಮಾತೆಲ್ಲ ಹಿಂದಿ. ಆದರೆ ಆ ಮಳೆ, ಆ ಮನೆಯ ಕಂಬ, ಆ ಜಗಲಿ ನಮ್ಮವೇ ಎಂದು ಅಮ್ಮ ಟಿವಿ ಮುಟ್ಟಿ ತೋರಿಸುತ್ತಿದ್ದರು.

1990ರ ಆಗಸ್ಟ್ 2ರಂದು ಇರಾಕಿ ಸೈನ್ಯ ಬಂತು. ಆ ದಿನಗಳ ವಿವರ ನಿಮ್ಮಲ್ಲಿ ಹಲವರು ಮನೆಯಲ್ಲಿ ಕೇಳಿದ್ದೀರಿ. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಬಸ್ಸುಗಳಲ್ಲಿ ಇರಾಕ್ ದಾಟಿ, ಜೋರ್ಡಾನಿನ ಮರಳಿನಲ್ಲಿ ಡೇರೆ ಕೆಳಗೆ ಕಾದು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬಯಿ ತಲುಪಿದರು. ನಾವೂ ಆ ಸಾಲಿನಲ್ಲಿದ್ದೆವು. ಕ್ಯಾಸೆಟ್ಟುಗಳೆಲ್ಲ ಸಾಲ್ಮಿಯಾದಲ್ಲೇ ಉಳಿದವು.

ಸೆಪ್ಟೆಂಬರಿನಲ್ಲಿ ನನ್ನನ್ನು ಅಜ್ಜಿಮನೆಯ ಊರಿನ ಶಾಲೆಗೆ ಸೇರಿಸಿದರು. ಹುಡುಗರೆಲ್ಲ ಸುತ್ತ ನಿಂತು, ಯುದ್ಧ ನೋಡಿದೆಯಾ, ಟ್ಯಾಂಕ್ ನೋಡಿದೆಯಾ, ಹೆಣ ನೋಡಿದೆಯಾ ಎಂದು ಕೇಳಿದರು. ನನಗೆ ಬಾಯಿ ಬರಲಿಲ್ಲ. ದಿನಗಟ್ಟಲೆ ಬರಲಿಲ್ಲ. ಆಮೇಲೆ ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಹೇಳಿದೆ: "ಮಾಲ್ಗುಡಿ ಡೇಸ್‌ನಲ್ಲಿ ಒಂದು ಕಂತು ಉಂಟು. ನೀವು ಯಾರೂ ನೋಡಿಲ್ಲ. ಅದರಲ್ಲಿ ಸ್ವಾಮಿಯ ಅಪ್ಪನಿಗೆ ಕುವೈತಿಗೆ ವರ್ಗ ಆಗುತ್ತದೆ." ಅಲ್ಲಿಂದ ಸ್ವಾಮಿ ಬಸ್ಸು ಹತ್ತಿದ. ಚೆಕ್‌ಪೋಸ್ಟಿನಲ್ಲಿ ಅವನ ಅಮ್ಮ ಬಳೆಗಳನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಳು. ಮರಳಿನಲ್ಲಿ ನೀರಿನ ಲಾರಿ ಬಂದಾಗ ಅವನು ಅಪ್ಪನ ಕೈ ತಪ್ಪಿಸಿಕೊಂಡ, ಅರ್ಧ ದಿನ ಒಬ್ಬನೇ ಅಳುತ್ತ ತಿರುಗಿದ. ಹುಡುಗರು ನಂಬಿದರು, ಮುಂದಿನ ಕಂತು ಯಾವಾಗ ಎಂದು ದಿನಾ ಕೇಳಿದರು. ಆ ಸೆಪ್ಟೆಂಬರ್ 30ಕ್ಕೆ ಶಂಕರ್‌ನಾಗ್ ದಾವಣಗೆರೆ ಹತ್ತಿರ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಸುದ್ದಿ ತಿಳಿದ ಮರುದಿನ ಒಬ್ಬ ಹುಡುಗ ಬಂದು, "ಹಾಗಾದರೆ ಸ್ವಾಮಿ ಕುವೈತಿಂದ ವಾಪಸ್ ಬರಲ್ವಾ?" ಎಂದ. ಬರುತ್ತಾನೆ, ತೆಗೆದಿಟ್ಟಿದ್ದಾರೆ ಎಂದೆ.

ಕುವೈತಿಗಳಿಗೂ ಆ ವರ್ಷ ಕಥೆ ನಿಂತಿತು. ಸೆಸಮಿ ಸ್ಟ್ರೀಟಿನ ಅರಬಿ ರೂಪ 'ಇಫ್ತಹ್ ಯಾ ಸಿಮ್‌ಸಿಮ್' 1979ರಿಂದ ತಯಾರಾಗುತ್ತಿದ್ದದ್ದು ಇಲ್ಲಿಯೇ. ಅರಬ್ ದೇಶಗಳ ಒಂದು ಇಡೀ ತಲೆಮಾರು ಅದನ್ನು ನೋಡಿ ಬೆಳೆಯಿತು. ಆಕ್ರಮಣದ ನಂತರ ಅದು ನಿಂತುಹೋಗಿ, ಮತ್ತೆ ಹೊಸ ಕಂತು ಬಂದದ್ದು 2015ರಲ್ಲಿ, ಅಬುಧಾಬಿಯಿಂದ. ನಡುವಿನ ಇಪ್ಪತ್ತೈದು ವರ್ಷ ಅದರ ನುಅಮಾನ್ ಎಲ್ಲಿದ್ದ ಎಂದು ನನ್ನ ಆಫೀಸಿನ ಕುವೈತಿ ಗೆಳೆಯನೊಬ್ಬ ತನ್ನ ಮಕ್ಕಳಿಗೆ ಕಥೆ ಕಟ್ಟಿ ಹೇಳುತ್ತಿದ್ದನಂತೆ.

ಕನ್ನಡದಲ್ಲಿ ಹೀಗೆ ಅರ್ಧಕ್ಕೆ ನಿಂತದ್ದಕ್ಕೆ ನಿಮಗೆ ನೆನಪಿರುವ ಉದಾಹರಣೆ ಟಿ. ಎನ್. ಸೀತಾರಾಮ್ ಅವರ 'ಮಗಳು ಜಾನಕಿ'. 2020ರ ಲಾಕ್‌ಡೌನ್ ಹೊತ್ತಿಗೆ ಅದು ಮುಗಿಯದೆ ನಿಂತಿತು. ಆಗ ನಮ್ಮ ಮನೆಗಳೂ ಬೀಗ ಹಾಕಿಕೊಂಡಿದ್ದವು. ಕುವೈತಿನ ಎಷ್ಟೋ ಅಡುಗೆಮನೆಗಳಲ್ಲಿ ಜಾನಕಿಯ ಕಥೆಗೆ ಬೇರೆ ಬೇರೆ ಕೊನೆ ಸಿಕ್ಕಿತು. ನಮ್ಮ ಮನೆಯಲ್ಲೇ ಎರಡು, ನನ್ನ ಹೆಂಡತಿಯದೊಂದು, ಅತ್ತೆಯದೊಂದು. ಇವತ್ತಿಗೂ ರಾಜಿಯಾಗಿಲ್ಲ.

ಹಾಗೆ ಯೋಚಿಸಿದರೆ, ನಾನು ನೋಡಿದ ಕನ್ನಡ ಧಾರಾವಾಹಿಗಳಲ್ಲಿ ನಾವು ಎಲ್ಲೂ ಇಲ್ಲ. ಗಲ್ಫಿನವರು ಬಂದರೆ ಚಿನ್ನದ ಸರ ಹಾಕಿ, ಎರಡು ಸೂಟ್‌ಕೇಸ್ ಹಿಡಿದು, ಮದುವೆಯ ಕಂತಿಗೆ ಬಂದು ಹೋಗುತ್ತಾರೆ. ಇಲ್ಲಿ ಹುಟ್ಟಿ, ಇಲ್ಲಿಯ ಶಾಲೆಗೆ ಹೋಗಿ, ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ ಆಡುತ್ತ, ಇದು ನಿನ್ನ ಊರಲ್ಲ ಎಂದು ಎರಡೂ ಕಡೆ ಕೇಳಿಸಿಕೊಂಡ ಹುಡುಗಿ ಯಾವ ಕಂತಿನಲ್ಲಿದ್ದಾಳೆ?

ಕಳೆದ ಚಳಿಗಾಲ ನಮ್ಮ ಶುಕ್ರವಾರದ ಕನ್ನಡ ತರಗತಿಯಲ್ಲಿ ಹದಿನಾರರ ಹುಡುಗಿಯೊಬ್ಬಳು ನೋಟ್‌ಬುಕ್ ತಂದು ತೋರಿಸಿದಳು. ಅವಳ ಅಜ್ಜಿ ದಿನಾ ನೋಡುವ ಧಾರಾವಾಹಿಯ ನಾಯಕಿ ಫರ್ವಾನಿಯಾದ ಫ್ಲ್ಯಾಟಿಗೆ ಬಂದು ಇಳಿಯುವ ಕಂತು. ಲಿಫ್ಟ್ ಕೆಟ್ಟಿದೆ, ಧೂಳಿನ ಗಾಳಿ ಎದ್ದಿದೆ, ಮನೆಯ ಮಗಳಿಗೂ ನಾಯಕಿಗೂ ಜಗಳ. ಕನ್ನಡ ಅಕ್ಷರ ದೊಡ್ಡ ದೊಡ್ಡದಾಗಿ, ಒತ್ತಕ್ಷರ ಅಲ್ಲಲ್ಲಿ ತಪ್ಪಿ, ಒಂಬತ್ತು ಪುಟ. ಹತ್ತನೇ ಪುಟ ಖಾಲಿ. ಯಾಕಮ್ಮಾ ನಿಲ್ಲಿಸಿದೆ ಎಂದು ಕೇಳಿದೆ. "ಅಪ್ಪನ ಇಕಾಮಾ ರಿನ್ಯೂ ಆಗಲ್ಲ ಅನ್ನೋ ಸೀನ್ ಬರುತ್ತೆ ಅಂಕಲ್. ಇಕಾಮಾಗೆ ಕನ್ನಡದಲ್ಲಿ ಏನಂತಾರೆ ಗೊತ್ತಾಗ್ಲಿಲ್ಲ."

ಇಕಾಮಾ ಎಂದೇ ಬರಿ ಎಂದೆ. ಅವಳು ಅಲ್ಲೇ ಬೆಂಚಿನ ಮೇಲೆ ಕೂತು ಹತ್ತನೇ ಪುಟ ಶುರು ಮಾಡಿದಳು.