ಲೋಹದ ಪುಡಿಯ ಮರುಬಳಕೆ

ಲೋಹದ ತ್ರೀಡಿ ಮುದ್ರಣದಲ್ಲಿ ಯಂತ್ರಕ್ಕೆ ಸುರಿದ ಪುಡಿಯೆಲ್ಲ ವಸ್ತುವಾಗುವುದಿಲ್ಲ. ಲೇಸರ್ ಅಥವಾ ಎಲೆಕ್ಟ್ರಾನ್ ಕಿರಣ ಬಿದ್ದಷ್ಟು ಜಾಗ ಕರಗಿ ಗಟ್ಟಿಯಾಗುತ್ತದೆ, ಸುತ್ತಲಿನದು ಪುಡಿಯಾಗಿಯೇ ಉಳಿಯುತ್ತದೆ. ಟೈಟಾನಿಯಂನಂಥ ದುಬಾರಿ ಪುಡಿಯನ್ನು ಎಸೆಯುವವರು ಯಾರು? ಜರಡಿ ಹಿಡಿದು ಮತ್ತೆ ಬಳಸುತ್ತಾರೆ.

1980ರ ದಶಕದಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಡೆಕಾರ್ಡ್ ಮತ್ತು ಜೋ ಬೀಮನ್ ರೂಪಿಸಿದ ಲೇಸರ್ ವಿಧಾನ ಪ್ಲಾಸ್ಟಿಕ್ ಪುಡಿಯಿಂದ ಶುರುವಾಯಿತು. ಗಂಟೆಗಟ್ಟಲೆ ಬಿಸಿಯಲ್ಲಿದ್ದ ನೈಲಾನ್ ಪುಡಿಯನ್ನೇ ಮತ್ತೆ ಬಳಸಿದರೆ ವಸ್ತುವಿನ ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ. ಹಾಗಾಗಿ ಅದಕ್ಕೆ ಹೊಸ ಪುಡಿ ಬೆರೆಸುವುದು ರೂಢಿ. 1990ರ ದಶಕದಲ್ಲಿ ಜರ್ಮನಿಯ ಇಒಎಸ್ ಕಂಪನಿ ಮತ್ತು ಆಕೆನ್‌ನ ಫ್ರೌನ್‌ಹೋಫರ್ ಸಂಸ್ಥೆ ಲೇಸರನ್ನು ಲೋಹಕ್ಕೆ ಒಗ್ಗಿಸಿದವು. ಬಳಿಕ ಸ್ವೀಡನ್ನಿನ ಆರ್ಕಾಮ್ ಎಲೆಕ್ಟ್ರಾನ್ ಕಿರಣದ ಯಂತ್ರಗಳನ್ನು ತಂದಿತು.

ಲೋಹದ ಪುಡಿ ಕೆಡುವ ಬಗೆಯೇ ಬೇರೆ. ಲೇಸರ್ ಯಂತ್ರದಲ್ಲಿ ಬಳಸುವ ಕಣಗಳ ಗಾತ್ರ ಸಾಮಾನ್ಯವಾಗಿ 15ರಿಂದ 45 ಮೈಕ್ರಾನ್. ಲೇಸರ್ ತಾಗಿದಲ್ಲಿ ಲೋಹ ಆವಿಯಾಗಿ ಕರಗಿದ ಹನಿಗಳು ಸಿಡಿಯುತ್ತವೆ. ಹಾರುವಾಗ ಆಕ್ಸಿಜನ್ ಹೀರಿ ಪುಡಿಯ ಮೇಲೆ ಬೀಳುತ್ತವೆ. ದಪ್ಪ ಹನಿಗಳನ್ನು ಜರಡಿ ತಡೆಯುತ್ತದೆ, ಸಣ್ಣವು ನುಸುಳಿ ಮುಂದಿನ ಮುದ್ರಣಕ್ಕೂ ಹೋಗುತ್ತವೆ. ಅಲ್ಯೂಮಿನಿಯಂ ಪುಡಿಗೆ ತೇವವೇ ಶತ್ರು: ಅದರಿಂದ ಬಂದ ಹೈಡ್ರೋಜನ್ ಲೋಹದೊಳಗೆ ರಂಧ್ರ ಮಾಡುತ್ತದೆ.

ಹಳೆಯದೆಲ್ಲ ಕೆಟ್ಟದ್ದು ಎನ್ನುವಂತೆಯೂ ಇಲ್ಲ. 6% ಅಲ್ಯೂಮಿನಿಯಂ, 4% ವೆನೇಡಿಯಂ ಇರುವ ಟೈಟಾನಿಯಂ ಪುಡಿಯನ್ನು ಎಲೆಕ್ಟ್ರಾನ್ ಕಿರಣದ ಯಂತ್ರದಲ್ಲಿ 21 ಸಲ ಬಳಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಪುಡಿಯ ಆಕ್ಸಿಜನ್ 0.08%ರಿಂದ 0.19%ಕ್ಕೆ ಏರಿತ್ತು. ಕಣಗಳ ದುಂಡುತನ ಕುಗ್ಗಿದ್ದರೂ, ಅವಕ್ಕೆ ಅಂಟಿದ್ದ ಮರಿಕಣಗಳು ಉದುರಿ ಪುಡಿ ಮೊದಲಿಗಿಂತ ಸಲೀಸಾಗಿ ಹರಿಯುತ್ತಿತ್ತು. ಮುದ್ರಿಸಿದ ಲೋಹದ ಬಲವೂ ಕುಂದಿರಲಿಲ್ಲ. ಈ ಮಿಶ್ರಲೋಹದ ಸಾಮಾನ್ಯ ದರ್ಜೆಗೆ ಆಕ್ಸಿಜನ್ನಿನ ಮಿತಿ 0.20%, ದೇಹದೊಳಗೆ ಕೂರಿಸುವ ಕೀಲುಗಳಿಗೆ ಬಳಸುವ ಶುದ್ಧ ದರ್ಜೆಗೆ 0.13%. ಅಂದರೆ ಅದೇ ಪುಡಿ ಒಂದು ಕೆಲಸಕ್ಕೆ ತೇರ್ಗಡೆ, ಇನ್ನೊಂದಕ್ಕೆ ನಪಾಸು.

ಆದ್ದರಿಂದ ‘ಇಷ್ಟು ಸಲ ಬಳಸಬಹುದು’ ಎಂಬ ಲೆಕ್ಕವೊಂದನ್ನೇ ನಂಬುವಂತಿಲ್ಲ. ಯಂತ್ರದ ಪುಡಿ ಪೆಟ್ಟಿಗೆಯಲ್ಲಿ ಎಷ್ಟು ಪಾಲು ಕರಗಿತು, ಪುಡಿ ಎಷ್ಟು ಹೊತ್ತು ಬಿಸಿಯಲ್ಲಿತ್ತು, ಹೊಸದೆಷ್ಟು ಬೆರೆಯಿತು ಎಂಬುದರ ಮೇಲೆ ಅದರ ಅರ್ಥವೇ ಬದಲಾಗುತ್ತದೆ. ನಾಸಾದ ಮಾರ್ಷಲ್ ಕೇಂದ್ರ 2017ರಲ್ಲಿ ತಂದ ಲೋಹ ಮುದ್ರಣದ ಮಾನದಂಡದಲ್ಲಿ ಮರುಬಳಕೆಯ ನಿಯಂತ್ರಣವೂ ಸೇರಿತು.

ಭಾರತದಲ್ಲಿ 2024ರ ಮೇ 9ರಂದು ಇಸ್ರೊ ಮಹೇಂದ್ರಗಿರಿಯಲ್ಲಿ ಪಿಎಸ್ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತದ ಮುದ್ರಿತ ಪಿಎಸ್4 ಎಂಜಿನ್ನನ್ನು 665 ಸೆಕೆಂಡ್ ಉರಿಸಿತು. ಅದನ್ನು ತಯಾರಿಸಿದ್ದು ವಿಪ್ರೊ 3ಡಿ. ಹಳೆಯ ವಿಧಾನಕ್ಕೆ 565 ಕಿಲೋ ಲೋಹ ಬೇಕಿದ್ದರೆ, ಇಲ್ಲಿ ಸಾಕಾದದ್ದು 13.7 ಕಿಲೋ ಪುಡಿ. ಇಂಥ ಉಳಿತಾಯ ಪೂರ್ತಿ ದಕ್ಕಬೇಕಾದರೆ ಪೆಟ್ಟಿಗೆಯಲ್ಲಿ ಉಳಿದ ಪುಡಿಯೂ ಬಳಕೆಗೆ ಬರಬೇಕು. ಅದನ್ನು ಹೊಸದರೊಂದಿಗೆ ಬೆರೆಸುವಾಗ ಯಾವ ಕಂತಿನ ಪುಡಿ ಯಾವ ಭಾಗಕ್ಕೆ ಹೋಯಿತೆಂದು ಬರೆದಿಡದಿದ್ದರೆ, ಒಂದು ಕಂತು ಕೆಟ್ಟಾಗ ಅನುಮಾನ ಎಲ್ಲ ಭಾಗಗಳ ಮೇಲೂ ಬೀಳುತ್ತದೆ.