ಬೀದರ್ ಸೀಮೆಯ ಮನೆಗಳಲ್ಲಿ ತಿಪ್ಪೆಯ ಜಾಗ

ಬೀದರ್ ಜಿಲ್ಲೆಯ ಹಳೆಯ ಕಟ್ಟಡಗಳಲ್ಲಿ ಕಸ, ಬಚ್ಚಲ ನೀರು, ಮಲ ಎಲ್ಲಿಗೆ ಹೋಗಬೇಕೆಂಬುದು ಪಾಯ ತೋಡುವ ಹೊತ್ತಿಗೇ ತೀರ್ಮಾನವಾಗಿರುತ್ತಿತ್ತು. ಕಟ್ಟುವಾಗಿನ ತ್ಯಾಜ್ಯದ ಮಾತಿಗೆ ಬಂದರೆ ಬೀದರ್ ಕೋಟೆಯನ್ನೇ ನೋಡಬೇಕು. ಬಹಮನಿ ಸುಲ್ತಾನ ಅಹಮದ್ ಶಾ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ; ಕೋಟೆ ಮುಗಿದದ್ದು 1432ರ ಸುಮಾರಿಗೆ. ಊರ ಕಡೆಯ ಮೂರು ಸಾಲಿನ ಕಂದಕವನ್ನು ಜಂಬಿಟ್ಟಿಗೆ ಬಂಡೆಯಲ್ಲೇ ಕಡಿಯಲಾಗಿದೆ. ಸಾಲುಗಳ ನಡುವಿನ ಗೋಡೆಗಳು ಕಟ್ಟಿದವಲ್ಲ, ಕಡಿಯದೆ ಬಿಟ್ಟ ಬಂಡೆ. ಈ ಕಲ್ಲು ನೆಲದೊಳಗೆ ಮೆತ್ತಗಿದ್ದು ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಬೇರೆ ಕಡೆ ರಾಶಿ ಬೀಳುವ ಅಗೆತದ ಕಲ್ಲು ಇಲ್ಲಿ ಗೋಡೆಗೇ ಒದಗುವ ಸಾಮಗ್ರಿ.

ಇದೇ ಕಲ್ಲು ನೀರನ್ನೂ ಬೇಗ ಇಂಗಿಸಿಕೊಳ್ಳುತ್ತದೆ. ನೌಬಾದಿನ ಸುರಂಗ ಬಾವಿ, ಅಂದರೆ ಕರೇಜ್, ಹೀಗೆ ಇಂಗಿದ ನೀರನ್ನೇ ನೆಲದಡಿಯಿಂದ ಊರಿಗೆ ತರುವ ಏರ್ಪಾಡು. ಇಂಥ ನೆಲದಲ್ಲಿ ಮೇಲೆ ಚೆಲ್ಲಿದ ಹೊಲಸು ಬಾವಿಗೆ ಇಳಿಯಲು ಹೆಚ್ಚು ಕಾಲ ಬೇಡ.

ಭಾಲ್ಕಿ, ಔರಾದ ಕಡೆ ಹೆಚ್ಚಿನದು ಎರೆಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ಮಣ್ಣಿನಲ್ಲಿ ನೀರು ಸುಲಭವಾಗಿ ಇಂಗುವುದಿಲ್ಲ. ಗೋಡೆಯ ಬುಡದಲ್ಲಿ ನಿಂತರೆ ಪಾಯಕ್ಕೇ ಕೇಡು. ಆದ್ದರಿಂದ ಮಾಳಿಗೆ ಮನೆಗಳಲ್ಲಿ ಬಚ್ಚಲನ್ನು ಹೊರಗೋಡೆಗೆ ಹೊಂದಿಸಿ, ಹಾಸುಗಲ್ಲನ್ನು ಒಂದು ಮೂಲೆಗೆ ಇಳಿಜಾರಾಗಿ ಕೂರಿಸಿ, ಅಲ್ಲೊಂದು ತೂತು ಬಿಡುತ್ತಿದ್ದರು. ನೀರು ಹಿತ್ತಲಿನ ಬಳ್ಳಿಗೆ. ಮುಸುರೆ ದನಕ್ಕೆ, ಸಗಣಿ ಕುಳ್ಳಿಗೆ, ಒಲೆಯ ಬೂದಿ ಪಾತ್ರೆ ತಿಕ್ಕಲು. ಉಳಿದದ್ದೆಲ್ಲ ತಿಪ್ಪೆಗೆ ಬಿದ್ದು, ಮುಂಗಾರಿಗೆ ಮುಂಚೆ ಬಂಡಿಯೇರಿ ಹೊಲ ಸೇರುತ್ತಿತ್ತು. ಬಂಡಿ ತಿರುಗುವಷ್ಟು ಜಾಗ ಬಿಡದೆ ತಿಪ್ಪೆ ಹಾಕುವಂತಿರಲಿಲ್ಲ.

ಈ ಜಾಣತನವನ್ನು ಹೊಗಳುವವರು ಒಂದು ಮೂಲೆಯನ್ನು ಮರೆಯುತ್ತಾರೆ. ಪಟ್ಟಣದ ಸ್ಥಿತಿವಂತರ ಮನೆಗಳಲ್ಲಿ ಒಣ ಪಾಯಖಾನೆ ಇರುತ್ತಿತ್ತು. ಅದರ ಹಿಂಬದಿಯಲ್ಲಿ, ಓಣಿಯ ಕಡೆಗೆ, ಒಂದು ಗಿಡ್ಡ ಕಿಂಡಿ. ಮಲ ಬಳಿಯುವವರು ಮನೆಯೊಳಗೆ ಕಾಲಿಡದೆ ಕೆಲಸ ಮುಗಿಸಲೆಂದೇ ಅದನ್ನು ಬಿಟ್ಟದ್ದು. ನಕ್ಷೆಯಲ್ಲೇ ಜಾತಿಗೊಂದು ಬಾಗಿಲು ಸೇರಿತ್ತೆನ್ನಬೇಕು.

ಒಳಚರಂಡಿ ಬಂದಿದ್ದರೆ ಆ ಕಿಂಡಿ ಬೇಗ ಮುಚ್ಚುತ್ತಿತ್ತೇನೋ. 1908ರ ಮೂಸಿ ಪ್ರವಾಹದ ನಂತರ ನಿಜಾಮ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿ ಹೈದರಾಬಾದಿಗೆ ಒಳಚರಂಡಿ ಯೋಜನೆ ಹಾಕಿಸಿತು. ಅದು ರಾಜಧಾನಿಗೆ ಮಾಡಿದ ಕೆಲಸ. ಬೀದರ್ ಅದೇ ಸಂಸ್ಥಾನದ ಜಿಲ್ಲಾ ಊರಾಗಿದ್ದರೂ ಅದರ ಪಾಲಿಗೆ ಬರಲಿಲ್ಲ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1970ರ ದಶಕದಲ್ಲಿ, ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಒಣ ಪಾಯಖಾನೆ ಕಟ್ಟುವುದೇ ಅಪರಾಧವೆಂದು ದೇಶದ ಕಾನೂನು ಹೇಳಿದ್ದು 1993ರಲ್ಲಿ.

ಅಷ್ಟರಲ್ಲಿ ದನಗಳು ಕಡಿಮೆಯಾಗಿ, ಹಿತ್ತಲು ನಿವೇಶನವಾಗಿ, ಪ್ಲಾಸ್ಟಿಕ್ ಬಂದಿತ್ತು. ತಿಪ್ಪೆಗೆ ಕೊಳೆಯದ ವಸ್ತು ಬಿದ್ದ ಮೇಲೆ ಗೊಬ್ಬರ ಹೊಲಕ್ಕೆ ಸಲ್ಲದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು 200ಕ್ಕಿಂತ ಹೆಚ್ಚು ಮನೆಗಳ ಅಥವಾ 5,000 ಚದರ ಮೀಟರಿಗೂ ದೊಡ್ಡ ನಿವೇಶನದ ಸಮುಚ್ಚಯಗಳಲ್ಲಿ ಕಸ ವಿಂಗಡಣೆಗೆ ಪ್ರತ್ಯೇಕ ಜಾಗ ಗುರುತಿಸಬೇಕೆಂದವು. ಭಾಲ್ಕಿಯಂಥ ಊರಿನ ಮೂವತ್ತು–ನಲವತ್ತರ ಸೈಟಿಗೆ ಆ ಷರತ್ತು ತಾಗುತ್ತಿರಲಿಲ್ಲ. ಹಸಿ, ಒಣ, ಅಪಾಯಕಾರಿ ಎಂದು ಕಸವನ್ನು ಮೂರು ಪಾಲು ಮಾಡಬೇಕೆಂಬ ಹೊಣೆ ಮಾತ್ರ ಆ ನಿಯಮಗಳಡಿ ಆ ಮನೆಯವರಿಗೂ ಇತ್ತು.